ನಳ ಒಡೆದರೆ ನೀರು ಹೊರಗೆ, ಕೊಳೆ ಒಳಗೆ

ನಿಮ್ಮ ಓಣಿಗೆ ನಳದ ನೀರು ಬಿಡುವ ಹೊತ್ತಿನಲ್ಲಿ ಒಮ್ಮೆ ಮನೆಯಿಂದ ಹೊರಗೆ ಬಂದು ನೋಡಿ. ಕೊಡ ತುಂಬಿಸುವ ಗಡಿಬಿಡಿಯಲ್ಲಿ ಎಲ್ಲರ ಕಣ್ಣೂ ನಳದ ಬಾಯಿಯ ಮೇಲಿರುತ್ತದೆ. ಹತ್ತು ಹೆಜ್ಜೆ ಆಚೆ ನಾಲಿಯ ಅಂಚಿನಲ್ಲಿ, ಪರಸಿ ಕಲ್ಲಿನ ಸಂದಿಯಿಂದ ತಿಳಿನೀರು ಬುಗ್ಗೆಯಂತೆ ಉಕ್ಕುತ್ತಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಬಂದರೂ "ನೀರು ಸುಮ್ನೆ ಪೋಲಾಗ್ತದ ನೋಡ್ರಿ" ಎಂದು ಹೇಳಿ ಮುಂದೆ ಹೋಗುತ್ತೇವೆ. ಪೋಲಾಗುವ ನೀರಿನ ಚಿಂತೆ ಸರಿಯೇ. ಹಕೀಮನಾದ ನನಗೆ ಅದಕ್ಕಿಂತ ದೊಡ್ಡ ಚಿಂತೆ, ನೀರು ಬಂದ್ ಆದ ಮೇಲೆ ಅದೇ ಸಂದಿಯಲ್ಲಿ ನಡೆಯುವ ಕೆಲಸದ್ದು.

ಪೈಪಿನಲ್ಲಿ ನೀರು ರಭಸದಿಂದ ಹರಿಯುವಾಗ ಒಳಗಿನ ಒತ್ತಡ ಹೆಚ್ಚು. ಆಗ ಬಿರುಕಿನಿಂದ ನೀರು ಹೊರಗೆ ಬರುತ್ತದೆಯೇ ಹೊರತು ಹೊರಗಿನದು ಒಳಗೆ ಹೋಗುವುದಿಲ್ಲ. ವಾಲ್ ಬಂದ್ ಮಾಡಿದ ಕೂಡಲೇ ಚಿತ್ರ ತಿರುಗುತ್ತದೆ. ಇಳಿಜಾರಿನ ಮನೆಗಳ ಕಡೆಗೆ ನೀರು ಜಾರಿಹೋದಂತೆ ಮೇಲಿನ ಭಾಗದ ಪೈಪ್ ಖಾಲಿಯಾಗಿ, ಗಾಳಿಯನ್ನೂ ಸುತ್ತಲಿನ ತೇವವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಆ ಬಿರುಕು ನಾಲಿಯ ನೀರಿನಲ್ಲಿ ಮುಳುಗಿದ್ದರೆ ನಾಲಿಯ ನೀರೇ ಒಳಗೆ ಹೋಗುತ್ತದೆ. ಮರುದಿನವೋ ಮೂರು ದಿನ ಬಿಟ್ಟೋ ನೀರು ಬಂದಾಗ ಮೊದಲ ಕೊಡದಲ್ಲಿ ಅದು ನಮ್ಮ ಅಡುಗೆಮನೆಗೆ ಬರುತ್ತದೆ. ಯಾರೋ ನೇರ ಲೈನಿಗೇ ಮೋಟರ್ ಹಚ್ಚಿದ್ದರಂತೂ ಕೇಳುವುದೇ ಬೇಡ. ಮೋಟರ್ ನಿಮ್ಮ ಪಾಲಿನ ನೀರನ್ನಷ್ಟೇ ಎಳೆಯುವುದಿಲ್ಲ, ಓಣಿಯ ಎಲ್ಲ ಬಿರುಕುಗಳಿಂದ ಕೊಳೆಯನ್ನೂ ಎಳೆಯುತ್ತದೆ. ನೆರೆಯವರ ನೀರಿನ ಹಕ್ಕು ಕಸಿದದ್ದು ಒಂದು, ಅವರ ಮಕ್ಕಳಿಗೆ ಭೇದಿ ಹಚ್ಚಿದ್ದು ಇನ್ನೊಂದು.

ಇದು ಊಹೆಯ ಮಾತಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಕೆಲವು ಬಡಾವಣೆಗಳಿಗೆ 24 ಗಂಟೆ ನೀರು, ಉಳಿದವಕ್ಕೆ ಕೆಲವು ದಿನಗಳಿಗೊಮ್ಮೆ ನೀರು ಎಂಬ ಸ್ಥಿತಿ ಇದ್ದಾಗ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನೀರನ್ನು ಹೋಲಿಸಿ ನೋಡಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಾಲಿನ್ಯ ಹೆಚ್ಚು, ಅದರಲ್ಲೂ ನೀರು ಶುರುವಾದಾಗ ಬರುವ ಮೊದಲ ನೀರಿನಲ್ಲಿ ಹೆಚ್ಚು ಎಂದು ಕಂಡುಬಂತು. ನಮ್ಮ ಗುಂಡಗುರ್ತಿ, ಚಿತ್ತಾಪುರ, ಸೇಡಂ, ವಾಡಿ, ಶಹಾಬಾದ್ ಕಡೆ ದಿನವಿಡೀ ನೀರು ಕಂಡವರು ಎಷ್ಟು ಮಂದಿ?

ನಮ್ಮ ನೆಲದ ಸ್ವಭಾವವೂ ಪೈಪಿಗೆ ವೈರಿ. ಚಳಿ ದೇಶದಲ್ಲಿ ಹೆಪ್ಪುಗಟ್ಟಿದ ನೀರು ಪೈಪನ್ನು ಒಡೆಯುತ್ತದೆ. ಇಲ್ಲಿ ಆ ಕೆಲಸವನ್ನು ಎರೆಮಣ್ಣು ಮತ್ತು ಬಿಸಿಲು ಮಾಡುತ್ತವೆ. ಎರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬುತ್ತದೆ. ಈ ಎಳೆದಾಟದಲ್ಲಿ ಪೈಪಿನ ಜೋಡುಗಳು ಬಿಚ್ಚಿಕೊಳ್ಳುತ್ತವೆ. ಎರೆ ಇಲ್ಲದ ಕಡೆ ಒಂದೆರಡು ಅಡಿ ಅಗೆದರೆ ಸುಣ್ಣಕಲ್ಲಿನ ಪದರ ಸಿಗುತ್ತದೆ. ಅದೇ ಕಲ್ಲಿನಿಂದ ನಮಗೆ ಶಹಾಬಾದಿ ಪರಸಿ ಬಂತು, ಸಿಮೆಂಟ್ ಕಾರ್ಖಾನೆಗಳು ಬಂದವು. ಆದರೆ ಆ ಕಲ್ಲನ್ನು ಒಡೆದು ಮೂರು ಅಡಿ ಆಳದ ಕಾಲುವೆ ತೋಡುವ ಪುರುಸೊತ್ತು ಗುತ್ತಿಗೆದಾರನಿಗೆ ಎಲ್ಲಿದೆ? ಪೈಪ್ ಗೇಣು ಆಳದಲ್ಲೇ ಮಲಗುತ್ತದೆ, ಅದರ ಮೇಲೆ ಟ್ರ್ಯಾಕ್ಟರ್, ಲಾರಿ ಓಡುತ್ತವೆ. ಇನ್ನು ಗೋಡೆಗೆ, ಮಾಳಿಗೆಗೆ ಬಿಟ್ಟ ಪ್ಲಾಸ್ಟಿಕ್ ಪೈಪ್ ನಾಲ್ಕೈದು ಬೇಸಿಗೆಯ ಬಿಸಿಲಿಗೆ ಹಪ್ಪಳದಂತಾಗುತ್ತದೆ. ಕೊಡ ತಾಗಿದರೂ ಸಾಕು, ಚೂರಾಗುತ್ತದೆ.

ನಳದ ಗುಂಡಿ

ನಮ್ಮ ಭಾಗದ ಒಂದು ರೂಢಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ನೀರಿನ ಒತ್ತಡ ಕಡಿಮೆ ಇರುವುದರಿಂದ ನಳ ಮೇಲಿದ್ದರೆ ನೀರು ಏರುವುದಿಲ್ಲ. ಆಗ ಮನೆಯ ಮುಂದೆ ಗುಂಡಿ ತೋಡಿ, ಪೈಪನ್ನು ಅದರೊಳಗೆ ಕೊಯ್ದು, ತೋಟಿ ಇಲ್ಲದೆ ಬಿಡುತ್ತೇವೆ. ನೀರು ಬಂದಾಗ ಒಬ್ಬರು ಗುಂಡಿಗೆ ಇಳಿದು ತಂಬಿಗೆಯಿಂದ ತುಂಬಿ ಕೊಡುತ್ತಾರೆ. ಇಲ್ಲವೇ ರಬ್ಬರ್ ಪೈಪ್ ಸಿಕ್ಕಿಸುತ್ತೇವೆ. ನೀರು ನಿಂತ ಮೇಲೆ ಗುಂಡಿಯ ತಳದಲ್ಲಿ ಅರ್ಧ ಅಡಿ ನೀರು ಉಳಿಯುತ್ತದೆ. ಅದರಲ್ಲಿ ಚಪ್ಪಲಿಯ ಮಣ್ಣು, ಪಾತ್ರೆ ತೊಳೆದ ಮುಸುರೆ, ಕೋಳಿ-ಆಡುಗಳ ಹೊಲಸು, ಮಗುವನ್ನು ತೊಳೆದ ನೀರು ಎಲ್ಲವೂ ಸೇರುತ್ತದೆ. ಬಾಯಿ ತೆರೆದ ಪೈಪ್ ಆ ನೀರಿನಲ್ಲಿ ಮುಳುಗಿಯೇ ಇರುತ್ತದೆ. ಲೈನ್ ಖಾಲಿಯಾಗುವಾಗ ಗುಂಡಿಯ ನೀರನ್ನು ಹೀರುತ್ತದೆ. ನಾಲಿಯ ಬದಿಯ ಬಿರುಕಿಗಿಂತ ಈ ಗುಂಡಿಗೇ ನಾನು ಹೆಚ್ಚು ಅಂಜುತ್ತೇನೆ, ಏಕೆಂದರೆ ಬಿರುಕು ಓಣಿಗೊಂದಿದ್ದರೆ ಗುಂಡಿ ಮನೆಗೊಂದು.

ಗುಂಡಿ ಮುಚ್ಚಲು ಆಗದಿದ್ದರೆ ಕನಿಷ್ಠ ಇಷ್ಟು ಮಾಡಿ. ಪೈಪಿನ ಬಾಯಿಗೆ ತೋಟಿ ಹಾಕಿಸಿ, ನೀರು ನಿಲ್ಲುವ ಮೊದಲೇ ಅದನ್ನು ಬಂದ್ ಮಾಡಿ. ತೋಟಿಯ ಖರ್ಚು ಒಂದು ಸಲದ ಆಸ್ಪತ್ರೆ ಖರ್ಚಿನ ಮುಂದೆ ಏನೂ ಅಲ್ಲ. ಗುಂಡಿಯ ಸುತ್ತ ಕಟ್ಟೆ ಕಟ್ಟಿ, ತಳಕ್ಕೆ ಪರಸಿ ಹಾಸಿ, ನೀರು ನಿಂತ ಕೂಡಲೇ ಉಳಿದದ್ದನ್ನು ಬಳಿದು ತೆಗೆಯಿರಿ. ರಬ್ಬರ್ ಪೈಪನ್ನು ನೆಲದ ಮೇಲೆ ಎಸೆಯದೆ ಗೋಡೆಗೆ ನೇತುಹಾಕಿ, ಅದರ ತುದಿ ಟಾಕಿಯ ನೀರಿನಲ್ಲಿ ಮುಳುಗದಂತೆ ನೋಡಿಕೊಳ್ಳಿ. ನೀರು ಬಂದಾಗ ಮೊದಲ ಎರಡು ಮೂರು ಕೊಡದ ನೀರನ್ನು ಪಾಯಖಾನೆಗೆ, ಅಂಗಳಕ್ಕೆ ಬಳಸಿ, ಆಮೇಲೆ ಬಂದದ್ದನ್ನು ಕುಡಿಯಲು ಹಿಡಿಯಿರಿ. ನಮ್ಮ ಹೆಣ್ಣುಮಕ್ಕಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಮಾಡುತ್ತಾರೆ. ನೀರು ಯಾವಾಗ ನಿಲ್ಲುತ್ತದೋ ಎಂಬ ಭಯದಿಂದ ಕುಡಿಯುವ ಹರವಿಯನ್ನೇ ಮೊದಲು ತುಂಬುತ್ತಾರೆ. ಭಯ ನಿಜವಾದದ್ದು, ಆದರೂ ಕ್ರಮ ಬದಲಿಸಲೇಬೇಕು.

ಸೈಕಲ್ ಟ್ಯೂಬಿನ ಪಟ್ಟಿ

ಪೈಪ್ ಒಡೆದಾಗ ನಾವು ಮಾಡುವ ಮೊದಲ ಚಿಕಿತ್ಸೆ ಎಂದರೆ ಹಳೆಯ ಸೈಕಲ್ ಟ್ಯೂಬ್ ಕೊಯ್ದು ಬಿಗಿಯಾಗಿ ಸುತ್ತುವುದು. ಗಾಯಕ್ಕೆ ಅರಿಶಿನ ಹಚ್ಚಿದಂತೆ ಅದು ಒಂದು ದಿನದ ಕೆಲಸ. ಹೊರಗೆ ಚಿಮ್ಮುವ ನೀರು ಕಣ್ಣಿಗೆ ಕಾಣದಷ್ಟು ಕಡಿಮೆಯಾಗುತ್ತದೆ, ನಾವು ಮರೆಯುತ್ತೇವೆ. ಒಳಗೆ ಹೀರುವುದು ಮಾತ್ರ ನಡೆದೇ ಇರುತ್ತದೆ. ಸರಿಯಾದ ದುರಸ್ತಿ ಎಂದರೆ ಬಿರಿದ ತುಂಡನ್ನು ಎರಡೂ ಕಡೆ ಕೊಯ್ದು ತೆಗೆದು, ಹೊಸ ತುಂಡನ್ನು ಕಪ್ಲಿಂಗ್ ಹಾಕಿ ಕೂಡಿಸುವುದು. ಅದಕ್ಕೆ ಮೊದಲು ಗುಂಡಿಯ ಕೊಳೆ ನೀರನ್ನು ಪೂರ್ತಿ ಬಳಿದು ಹಾಕಬೇಕು. ಕೆಸರು ನೀರಿನಲ್ಲೇ ಪೈಪ್ ಕೊಯ್ದರೆ ದುರಸ್ತಿಯೇ ರೋಗದ ಬಾಗಿಲಾಗುತ್ತದೆ. ಅಂಟು ಹಚ್ಚುವ ಮೊದಲು ಪೈಪ್ ಒಣಗಿರಬೇಕು, ಹಚ್ಚಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಕಾಯಬೇಕು. ನೀರು ಬಿಟ್ಟ ಮೇಲೆ ಸ್ವಲ್ಪ ಹೊತ್ತು ಹೊರಗೆ ಹರಿಯಲು ಬಿಡಬೇಕು.

ನಾಲಿ ದಾಟುವ ಪೈಪ್ ಇದ್ದರೆ ಅದನ್ನು ನಾಲಿಯ ನೀರಿನ ಮಟ್ಟಕ್ಕಿಂತ ಮೇಲೆ ಎತ್ತಿಸಿ. ನಾಲಿಯ ಒಳಗೆ ಜೋಡು ಬರಕೂಡದು. ದಾಟುವಷ್ಟು ಉದ್ದಕ್ಕೆ ಅದನ್ನು ಇನ್ನೊಂದು ದಪ್ಪ ಪೈಪಿನೊಳಗೆ ತೂರಿಸಿದರೆ ಇನ್ನೂ ಒಳ್ಳೆಯದು. ಬಿಸಿಲಿಗೆ ಬಿದ್ದ ಪೈಪಿಗೆ ಬಣ್ಣ ಬಳಿಸಿ ಅಥವಾ ಗೋಣಿಚೀಲ ಸುತ್ತಿಸಿ. ಮನೆಯೊಳಗೆ ಕಾಣದ ಸೋರಿಕೆ ಇದೆಯೋ ಎಂದು ತಿಳಿಯಲು, ರಾತ್ರಿ ಇಶಾ ಆದ ಮೇಲೆ ಎಲ್ಲ ತೋಟಿ ಬಂದ್ ಮಾಡಿ ಟಾಕಿಯ ನೀರಿನ ಮಟ್ಟಕ್ಕೆ ಗುರುತು ಹಾಕಿ, ಫಜ್ರ್‌ಗೆ ಎದ್ದಾಗ ಬಳಸುವ ಮೊದಲು ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ.

ವಿದೇಶದಲ್ಲಿರುವ ಮಕ್ಕಳಿಗೆ ಎರಡು ಮಾತು. ಕಲಬುರಗಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಚಿಕಾಗೋ, ಟೊರೊಂಟೊಗಳಲ್ಲಿದ್ದಾರೆ. ಅಲ್ಲಿ, ಚಿಲ್ಲಾ-ಎ-ಕಲಾನ್ ಎಂಬ 40 ದಿನಗಳ ಕಡುಚಳಿಯ ಕಾಶ್ಮೀರದಲ್ಲಿ ಕೂಡ, ಪೈಪಿನೊಳಗಿನ ನೀರು ಮಂಜುಗಡ್ಡೆಯಾಗುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು ಶೇ. 9ರಷ್ಟು ಹಿಗ್ಗುತ್ತದೆ. ಗಡ್ಡೆಗೂ ಬಂದ್ ಆದ ತೋಟಿಗೂ ನಡುವೆ ಸಿಕ್ಕ ನೀರಿನ ಒತ್ತಡ ಏರಿ ಪೈಪ್ ಸೀಳುತ್ತದೆ. ಗಡ್ಡೆ ಕರಗಿದ ಮೇಲೆಯೇ ಸೋರಿಕೆ ಗೊತ್ತಾಗುವುದು. ಆದ್ದರಿಂದ ಕಡುಚಳಿಯ ರಾತ್ರಿ ತೋಟಿಯಿಂದ ನೀರು ಸಣ್ಣಗೆ ತೊಟ್ಟಿಕ್ಕುವಂತೆ ಬಿಡುತ್ತಾರೆ, ಹೊರಗೋಡೆಯ ಪೈಪಿಗೆ ಹೊದಿಕೆ ಸುತ್ತುತ್ತಾರೆ. ಗಟ್ಟಿಯಾದ ಪೈಪನ್ನು ಕೂದಲು ಒಣಗಿಸುವ ಯಂತ್ರದಿಂದಲೋ ಬಿಸಿ ಬಟ್ಟೆಯಿಂದಲೋ ತೋಟಿಯ ಕಡೆಯಿಂದ ಹಿಂದಕ್ಕೆ ಮೆಲ್ಲಗೆ ಬೆಚ್ಚಗೆ ಮಾಡಬೇಕು, ಬೆಂಕಿ ಹಿಡಿಯಬಾರದು. ಒಡೆದರೆ ಮೊದಲು ಮನೆಯ ಮುಖ್ಯ ವಾಲ್ ಬಂದ್. ಅದು ಎಲ್ಲಿದೆ ಎಂದು ಚಳಿಗೆ ಮೊದಲೇ ತಿಳಿದಿರಲಿ. 2021ರ ಫೆಬ್ರವರಿಯಲ್ಲಿ ಟೆಕ್ಸಾಸ್‌ನಲ್ಲಿ ಹೀಗೆ ಪೈಪುಗಳು ಒಡೆದು ನೀರಿನ ಒತ್ತಡ ಕುಸಿದಾಗ ಲಕ್ಷಾಂತರ ಜನರಿಗೆ ನೀರು ಕುದಿಸಿ ಕುಡಿಯಿರಿ ಎಂದು ಸರಕಾರ ಹೇಳಬೇಕಾಯಿತು. ಕಾರಣ ಒಂದೇ: ಒತ್ತಡ ಇಳಿದ ಪೈಪನ್ನು ಯಾರೂ ನಂಬುವುದಿಲ್ಲ. ನಮ್ಮ ಪೈಪಿನ ಒತ್ತಡ ಪ್ರತಿದಿನವೂ ಇಳಿಯುತ್ತದೆ.

ತಿಳಿಯಾದ ನೀರು ಶುದ್ಧವೇ?

"ಹಕೀಂ ಸಾಬ್, ನೀರು ಕನ್ನಡಿ ಹಂಗದ, ವಾಸನಿ ಇಲ್ಲ, ಮತ್ತ ಇದರಾಗ ಏನ್ ರೋಗ ಬರ್ತದ?" ಇದು ನನ್ನ ದವಾಖಾನೆಯಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ. ನಮ್ಮ ಜನರಿಗೆ ಈ ನಂಬಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ತಹಾರತ್‌ನ ಪಾಠದಲ್ಲಿ ನೀರಿನ ಬಣ್ಣ, ರುಚಿ, ವಾಸನೆ ಬದಲಾಗಿದೆಯೇ ಎಂದು ನೋಡುವುದನ್ನು ಚಿಕ್ಕಂದಿನಲ್ಲೇ ಕಲಿತಿದ್ದೇವೆ. ವುಝೂವಿನ ಮಸಲೆಯನ್ನು ಆಲಿಮರಲ್ಲಿ ಕೇಳಿ, ಅದು ನನ್ನ ಕ್ಷೇತ್ರವಲ್ಲ. ಕುಡಿಯುವ ಮಾತು ಬಂದಾಗ ಮಾತ್ರ ಕಣ್ಣು, ಮೂಗು, ನಾಲಿಗೆ ಮೂರೂ ಸಾಲುವುದಿಲ್ಲ. ಕಾಲರಾ, ಟೈಫಾಯ್ಡ್, ಕಾಮಾಲೆಯ ರೋಗಾಣುಗಳಿಗೆ ಬಣ್ಣವಿಲ್ಲ, ರುಚಿಯಿಲ್ಲ. ವುಝೂ ಮಾಡುವಾಗ ಬಾಯಿ ಮುಕ್ಕಳಿಸುವ ನೀರೂ ಬಾಯೊಳಗೆ ಹೋಗುತ್ತದೆ ಎಂಬುದನ್ನು ಮಸೀದಿಯ ಹೌಜ್ ಮತ್ತು ಟಾಕಿ ನೋಡಿಕೊಳ್ಳುವವರು ನೆನಪಿಡಬೇಕು.

ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತೇವೆ. ಗಾಳಿಯ ನಂತರ ಬರುವುದೇ ತಿನ್ನುವುದು-ಕುಡಿಯುವುದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಅಲ್ ಕಾನೂನ್' ಗ್ರಂಥದಲ್ಲಿ ನೀರಿನ ಬಗೆಗಳನ್ನು ವಿವರಿಸುತ್ತ, ಕೆಟ್ಟ ನೀರನ್ನು ಕುದಿಸಿ, ಬಟ್ಟಿ ಇಳಿಸಿ ಸರಿಪಡಿಸುವುದನ್ನು ಹೇಳಿದ್ದಾರೆ. ರೋಗಾಣುವಿನ ಹೆಸರು ಗೊತ್ತಿಲ್ಲದ ಕಾಲದಲ್ಲಿ!

ದೂರದ ಉದಾಹರಣೆ ಬೇಡ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ, 2023ರ ಫೆಬ್ರವರಿಯಲ್ಲಿ ಗುರುಮಠಕಲ್ ಕಡೆಯ ಅನಪುರದಲ್ಲಿ, ಅದೇ ವರ್ಷದ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ವಾಂತಿ-ಭೇದಿಯಿಂದ ಜನ ಸತ್ತರು. ಅನಪುರ ನಮ್ಮ ಸೇಡಂನಿಂದ ಬಹಳ ದೂರವಿಲ್ಲ.

ಕುಡಿಯುವ ನೀರನ್ನು ಕುದಿಸುವುದೇ ಎಲ್ಲಕ್ಕಿಂತ ಖಾತ್ರಿಯ ದಾರಿ. ಕೊತಕೊತ ಕುದಿ ಬಂದ ಮೇಲೆ ಒಂದೆರಡು ನಿಮಿಷ ಸಾಕು, ಅರ್ಧ ಗಂಟೆ ಗ್ಯಾಸ್ ಸುಡಬೇಕಿಲ್ಲ. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಪಾತ್ರೆಗಳನ್ನು ಮುಚ್ಚಿಡಬೇಕೆಂಬ ಪ್ರವಾದಿ(ಸ)ರ ಉಪದೇಶ ನಮ್ಮೆಲ್ಲರಿಗೂ ಗೊತ್ತು, ಆದರೂ ಎಷ್ಟು ಮನೆಗಳ ಹರವಿಯ ಮೇಲೆ ಮುಚ್ಚಳವಿರುತ್ತದೆ? ಹರವಿಗೆ ಗ್ಲಾಸು ಅದ್ದಿದರೆ ಬೆರಳೂ ಅದ್ದುತ್ತದೆ. ಉದ್ದ ಹಿಡಿಯ ಸೌಟು ಇಡಿ, ಅಥವಾ ತೋಟಿ ಇರುವ ಪಾತ್ರೆ ಕೊಳ್ಳಿ. ಕುದಿಸಲು ಆಗದವರು ಕ್ಲೋರಿನ್ ಮಾತ್ರೆ ಬಳಸಬಹುದು. ಎಷ್ಟು ಲೀಟರಿಗೆ ಒಂದು ಎಂದು ಪಟ್ಟಿಯ ಮೇಲೆ ಬರೆದಿರುತ್ತದೆ. ಟಾಕಿಗಾದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಬೇಕು. ಅದನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನಷ್ಟೇ ಟಾಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಬೇಕು. ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಪೌಡರಿನಲ್ಲಿ ಸುಣ್ಣ ಉಳಿದಿರುತ್ತದೆ, ಶಕ್ತಿ ಉಳಿದಿರುವುದಿಲ್ಲ. ನೀರಿಗೆ ಸ್ವಲ್ಪ ಔಷಧದ ವಾಸನೆ ಬಂದರೆ ಮೂಗು ಮುರಿಯಬೇಡಿ, ಕಾವಲುಗಾರ ಎಚ್ಚರವಾಗಿದ್ದಾನೆ ಎಂದು ಅರ್ಥ.

ಕುಡಿಯಲು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವವರೂ ನಿಶ್ಚಿಂತರಾಗುವಂತಿಲ್ಲ. ಕೊತ್ತಂಬರಿ, ಕಕಂಬರಿ, ಇಫ್ತಾರಿನ ಹಣ್ಣು ತೊಳೆಯುವುದು ನಳದ ನೀರಿನಲ್ಲೇ. ಶರಬತ್ತಿಗೆ ಹಾಕುವ ಬರ್ಫ್ ಯಾವ ನೀರಿನದೋ. ಉರುಸಿನಲ್ಲಿ, ಮೊಹರಂನಲ್ಲಿ ಸಬೀಲ್ ಇಡುವ ಯುವಕರು ಡ್ರಮ್ಮಿನ ತಳ ತಿಕ್ಕಿ ತೊಳೆದು, ಕ್ಲೋರಿನ್ ಹಾಕಿ ಗಂಟೆ ಬಿಟ್ಟ ನೀರನ್ನೇ ಹಂಚಲಿ. ಬಾಯಾರಿದವನಿಗೆ ನೀರು ಕೊಡುವುದು ದೊಡ್ಡ ಪುಣ್ಯ, ಅದರೊಂದಿಗೆ ಭೇದಿ ಕೊಡಬಾರದಷ್ಟೆ.

ಭೇದಿ ಶುರುವಾದರೆ

ಹಿಂದೊಮ್ಮೆ ಒಂದೂವರೆ ವರ್ಷದ ಮಗುವನ್ನು ಅದರ ದಾದಿಮಾ ನನ್ನಲ್ಲಿಗೆ ಎತ್ತಿಕೊಂಡು ಬಂದರು. ಬೆಳಗಿನಿಂದ ಹತ್ತು ಸಲ ನೀರು ಭೇದಿ. ಕಣ್ಣು ಗುಳಿಬಿದ್ದಿದ್ದವು, ಹೊಟ್ಟೆಯ ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. "ನೀರು ಕುಡಿಸಿದರ ಮತ್ತ ಭೇದಿ ಆಗ್ತದ ಅಂತ ಬಂದ್ ಮಾಡೀನಿ ಬೇಟಾ" ಎಂದರು. ಪ್ರೀತಿಯಿಂದಲೇ ಮಾಡಿದ್ದು. ಆದರೆ ಮಗುವನ್ನು ಕೊಲ್ಲುವುದು ಭೇದಿಯಲ್ಲ, ಭೇದಿಯಿಂದ ಹೋದ ನೀರು ಮತ್ತು ಉಪ್ಪು. ಅಲ್ಲೇ ಚಮಚದಿಂದ ಓಆರ್‌ಎಸ್ ಶುರುಮಾಡಿ, ಹಾಗೆ ಕುಡಿಸುತ್ತಲೇ ಸರಕಾರಿ ಆಸ್ಪತ್ರೆಗೆ ಕಳಿಸಿದೆ. ಸಲೈನ್ ಏರಿಸಿದರು, ಮಗು ಉಳಿಯಿತು, ಅಲ್‌ಹಮ್ದುಲಿಲ್ಲಾಹ್.

ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಹಾದ ಸಣ್ಣ ಚಮಚದ ಲೆಕ್ಕ ಇದು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ದೊಡ್ಡ ಮಕ್ಕಳಿಗೆ ಅದರ ಎರಡರಷ್ಟು, ದೊಡ್ಡವರಿಗೆ ಕುಡಿದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಮಕ್ಕಳಿಗೆ ಝಿಂಕ್ ಮಾತ್ರೆಯನ್ನು ಭೇದಿ ನಿಂತರೂ 14 ದಿನ ಕೊಡಿ.

ಅಕ್ಕಿ ತೊಳೆದ ನೀರಿನಂತೆ ಭೇದಿ, ಕುಡಿದದ್ದೆಲ್ಲ ವಾಂತಿ, ಆರು ಗಂಟೆ ಮೂತ್ರವಿಲ್ಲ, ಮಂಪರು, ಭೇದಿಯಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ನನ್ನಂಥ ಹಕೀಮನ ಬಳಿಯೂ ಹೊತ್ತು ಕಳೆಯಬೇಡಿ. ನಮ್ಮ ವೈದ್ಯದಲ್ಲಿ ಹೊಟ್ಟೆಗೆ ಒಳ್ಳೆಯ ಮದ್ದುಗಳಿವೆ, ಆದರೆ ಹೈಝಾದ ಮುಂದೆ ಗಂಟೆಗಳ ಲೆಕ್ಕ. ಅಲ್ಲಿ ಸಲೈನೇ ಬೇಕು. ಇದನ್ನು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಒಂದೇ ಓಣಿಯಲ್ಲಿ ಎರಡು ದಿನದೊಳಗೆ ಮೂರು ನಾಲ್ಕು ಮನೆಗಳಲ್ಲಿ ಭೇದಿ ಕಂಡರೆ ಅದು ಅಡುಗೆಯ ದೋಷವಲ್ಲ, ಲೈನಿನದು. ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಿಡಿಒಗೆ ಅದೇ ದಿನ ತಿಳಿಸಿ. ಒಡೆದ ಜಾಗದ ಫೋಟೋ ತೆಗೆದು, ಅರ್ಜಿ ಬರೆದು, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ. ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಕೇಳಿ. ಅದರಲ್ಲಿ ಒಂದು ಸಣ್ಣ ಬಾಟಲಿ ಇರುತ್ತದೆ, ನೀರು ತುಂಬಿಟ್ಟಾಗ ಒಂದೆರಡು ದಿನಗಳಲ್ಲಿ ಕಪ್ಪಾದರೆ ಅದರಲ್ಲಿ ಹೊಲಸಿನ ರೋಗಾಣುಗಳಿವೆ ಎಂದು ತಿಳಿಯಬೇಕು. ದುಡ್ಡಿಲ್ಲ ಎಂಬ ಉತ್ತರ ಬಂದರೆ, 15ನೇ ಹಣಕಾಸು ಆಯೋಗವು ಪಂಚಾಯಿತಿಗಳ ಅನುದಾನದಲ್ಲಿ ಶೇ. 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು ಎಂಬುದನ್ನು ಗ್ರಾಮಸಭೆಯಲ್ಲಿ ನೆನಪಿಸಿ, ಅದರ ಲೆಕ್ಕ ಕೇಳಿ.

ಕಾಮಾಲೆಯ ವಿಷಯ ಬೇರೆ. 1955-56ರಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ 29,000ಕ್ಕೂ ಹೆಚ್ಚು ಜನರಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂದು ಬಹಳ ವರ್ಷಗಳ ನಂತರ ಗೊತ್ತಾಯಿತು. ಭೇದಿ ಒಂದೆರಡು ದಿನದಲ್ಲಿ ಕಾಣಿಸಿಕೊಂಡರೆ ಈ ಕಾಮಾಲೆ ಎರಡರಿಂದ ಹತ್ತು ವಾರ ಬಿಟ್ಟು ಬರುತ್ತದೆ. ಅಷ್ಟರಲ್ಲಿ ಪೈಪ್ ದುರಸ್ತಿಯಾಗಿ ಎಲ್ಲರೂ ಮರೆತಿರುತ್ತಾರೆ. ಇತರರಲ್ಲಿ ಸಾಮಾನ್ಯವಾಗಿ ತಾನಾಗಿ ಇಳಿಯುವ ಈ ರೋಗ, ತಿಂಗಳು ತುಂಬುತ್ತಿರುವ ಗರ್ಭಿಣಿಯ ಜೀವಕ್ಕೇ ಎರವಾಗಬಲ್ಲದು. ಬರೆ ಹಾಕಿಸುವುದು, ಮೂಗಿಗೆ ಮದ್ದು ಬಿಡಿಸುವುದು ಇಂಥ ಹೊತ್ತಿನಲ್ಲಿ ಹಿಂಸೆ ಮಾತ್ರ. ಆದ್ದರಿಂದ ನಿಮ್ಮ ಓಣಿಯ ಪೈಪ್ ಒಡೆದ ಮತ್ತು ದುರಸ್ತಿಯಾದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ದುರಸ್ತಿಯಾದ ದಿನದಿಂದ ಹತ್ತು ವಾರ, ಮನೆಯಲ್ಲಿ ಗರ್ಭಿಣಿ ಸೊಸೆಯೋ ಮಗಳೋ ಇದ್ದರೆ, ಹಸಿವು ಹೋಗುವುದು, ವಾಕರಿಕೆ, ಗಾಢ ಹಳದಿ ಮೂತ್ರ ಕಂಡ ದಿನವೇ ಹೆರಿಗೆ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ, ಕಣ್ಣು ಹಳದಿಯಾಗುವ ತನಕ ಕಾಯಬೇಡಿ.